ಹನ್ನೆರಡು ಮನೆಗಳ ನೀರಿಗೆ ನಾನು ಹಾಕದ ಸಹಿ

ಜರ್ಮನಿಯ ಬೊಬ್ಲಿಂಗೆನ್‌ನ ಆ ಸಣ್ಣ ವಿನ್ಯಾಸ ಕಚೇರಿಯಲ್ಲಿ ನನ್ನ ಪಾಲಿಗೆ ಬಂದದ್ದು ನೀರು. ಗೋಡೆ, ಚಾವಣಿ ನೋಡಿಕೊಳ್ಳುವವರು ಬೇರೆ. ವಿದ್ಯುತ್ತು, ಶಾಖ ನೋಡಿಕೊಳ್ಳುವವನು ಬೇರೆ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಬಳಸಿದ ಮೇಲೆ ಎಲ್ಲಿಗೆ ಹೋಗುತ್ತದೆ ಎನ್ನುವುದಕ್ಕೆ ನಾನು ಜವಾಬ್ದಾರಳು. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಇಲ್ಲಿ ಮೊದಲ ಆರು ತಿಂಗಳು ಪ್ರೊಬೆಟ್ಸೈಟ್, ಅಂದರೆ ಪರೀಕ್ಷಾ ಅವಧಿ. ಅಷ್ಟರೊಳಗೆ ಕಾರಣವನ್ನೂ ಹೇಳದೆ ಎರಡು ವಾರದ ನೋಟಿಸ್ ಕೊಟ್ಟು ಮನೆಗೆ ಕಳಿಸಬಹುದು. ನನ್ನ ವೀಸಾ ಈ ಕೆಲಸಕ್ಕೇ ಅಂಟಿಕೊಂಡಿತ್ತು, ಆದ್ದರಿಂದ ನನ್ನ ವಿಷಯದಲ್ಲಿ ಮನೆ ಅಂದರೆ ವಿಜಯಪುರ.

ಯೋಜನೆ ಮೆಡಿಟರೇನಿಯನ್ ಸಮುದ್ರದ ಒಂದು ದ್ವೀಪದ್ದು. ಯಾವ ದ್ವೀಪ ಎಂದು ಹೇಳುವಂತಿಲ್ಲ, ಹಾಗೆಂದು ಒಪ್ಪಿ ಒಂದು ಕಾಗದಕ್ಕೆ ಸಹಿ ಹಾಕಿದ್ದೇನೆ. ಹಾಕಿದ ಸಹಿಗೆ ನಾನು ಬದ್ಧಳು. ಗುಡ್ಡದ ಇಳಿಜಾರಿನಲ್ಲಿ ಹನ್ನೆರಡು ಕಲ್ಲಿನ ಮನೆಗಳು. ಬರ್ಲಿನ್ನಿನ ಒಂದು ಕಂಪನಿ ಅವನ್ನು ಕಟ್ಟಿಸಿ, ದುಡಿದು ದಣಿದ ಜರ್ಮನ್ನರಿಗೆ ವಾರದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವುದಿತ್ತು. ಅಲ್ಲಿ ಯೋಗ, ಉಪವಾಸ, ಮೌನ. ಪ್ರತಿ ಮನೆಗೂ ಒಂದು ಹಬೆ ಕೋಣೆ, ಒಂದು ಪುಟ್ಟ ಈಜುಕೊಳ, ಜೊತೆಗೆ ಮೊಣಕಾಲುದ್ದ ತಣ್ಣೀರಿನಲ್ಲಿ ಕೊಕ್ಕರೆಯ ಹಾಗೆ ಕಾಲೆತ್ತಿ ನಡೆಯಲು ಒಂದು ತೊಟ್ಟಿ. ಆರೋಗ್ಯಕ್ಕೆ ಒಳ್ಳೆಯದಂತೆ. ನಮಾಜಿಗೆ ಮುಂಚಿನ ವಜೂವನ್ನು ಒಂದು ತಂಬಿಗೆ ನೀರಿನಲ್ಲಿ ಮುಗಿಸುತ್ತಿದ್ದ ನಮ್ಮ ನಾನಿ ಈ ಕೊಕ್ಕರೆ ನಡಿಗೆ ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು.

ಜಾಹೀರಾತಿನ ಮೊದಲ ಸಾಲೇ ಈ ಮನೆಗಳು ಮಳೆಯನ್ನಷ್ಟೇ ಕುಡಿದು ಬದುಕುತ್ತವೆ ಎಂದಿತ್ತು. ದ್ವೀಪದ ಪುರಸಭೆ ಅದಕ್ಕೆ ಆಧಾರ ಕೇಳಿತ್ತು. ವರ್ಷವಿಡೀ ಈ ಜಾಗಕ್ಕೆ ಹೊರಗಿನ ನೀರು ಬೇಕಾಗುವುದಿಲ್ಲ ಎಂದು ಒಂದು ಘೋಷಣಾ ಪತ್ರ, ಅದರ ಕೆಳಗೆ ನೀರಿನ ಎಂಜಿನಿಯರ್ ಸಹಿ. ಪತ್ರ ಆಗಲೇ ಟೈಪಾಗಿ ನನ್ನ ಮೇಜಿಗೆ ಬಂದಿತ್ತು. ಲೆಕ್ಕದ ಹಾಳೆಯೂ ಜೊತೆಗಿತ್ತು. ನಾನು ಸೇರುವ ಮೊದಲು ವಿದ್ಯುತ್ತು, ಶಾಖ ನೋಡಿಕೊಳ್ಳುವ ಮೈಸೂರಿನವನು ಕಚೇರಿಯ ಹಳೆಯ ಮಾದರಿಯಲ್ಲಿ ಅದನ್ನು ತುಂಬಿಸಿಟ್ಟಿದ್ದ. ನಾನು ಮಾಡಬೇಕಾದದ್ದು ಸಹಿಯಷ್ಟೇ.

ನಾನು ನಕ್ಷೆ ಬಿಡಿಸಿಕೊಂಡು ಕುಳಿತೆ. ಪ್ರತಿ ಮನೆಯ ಹಿಂದೆ ನೆಲದೊಳಗೆ ಒಂದು ಟ್ಯಾಂಕ್, ಇಪ್ಪತ್ತು ಸಾವಿರ ಲೀಟರಿನದು. ಚಾವಣಿ ಮತ್ತು ಅಂಗಳದ ನೀರು ಸೋಸಿಕೊಂಡು ಅದಕ್ಕೆ ಇಳಿಯುತ್ತದೆ. ಎಲ್ಲ ಸರಿಯಾಗಿತ್ತು. ಆದರೆ ಟ್ಯಾಂಕಿನ ಇನ್ನೊಂದು ಬದಿಯಿಂದ ದಪ್ಪನೆಯ ಒಂದು ಪೈಪು ಹೊರಟು, ಕಾಂಪೌಂಡ್ ಗೋಡೆ ತೂರಿ, ರಸ್ತೆಯ ಕಡೆಗೆ ಸೊಂಟದೆತ್ತರದಲ್ಲಿ ಬಾಯಿ ತೆರೆದು ನಿಂತಿತ್ತು. ಬಾಯಿಗೊಂದು ಮುಚ್ಚಳ. ಅದರೆದುರು ರಸ್ತೆ ಅಗಲವಾಗಿ, ಭಾರದ ಲಾರಿಯೊಂದು ತಿರುಗುವಷ್ಟು ಜಾಗ.

ಎದುರು ಮೇಜಿನ ಮೈಸೂರಿನವನನ್ನು ಕರೆದು ತೋರಿಸಿದೆ.

"ಅದು ಫೈರ್ ಕನೆಕ್ಷನ್ ಕಣಕ್ಕ," ಎಂದ. ಈ ಕಚೇರಿಯಲ್ಲಿ ನನಗಿಂತ ಐದು ವರ್ಷ ಹಳಬ, ವಯಸ್ಸಿನಲ್ಲಿ ಎರಡು ವರ್ಷ ಚಿಕ್ಕವ. "ಫೈರ್ ಬ್ರಿಗೇಡ್‌ನೋರು ಬಂದು ಹೋಸ್ ಹಾಕ್ಕೊಳ್ಳೋಕೆ. ಸುಮ್ನೆ ತಲೆ ಕೆಡಿಸ್ಕೋಬೇಡಿ."

"ಬೆಂಕಿ ಆರ್ಸೋರು ನೀರು ತಗೋತಾರೋ, ಹಾಕ್ತಾರೋ? ಪೈಪ್ ನೋಡಪಾ. ತಗೊಳ್ಳೋದಿದ್ರ ತಳದ ತನಾ ಇಳೀಬೇಕಿತ್ತು. ಇದು ಮ್ಯಾಲೇ ನಿಂತೈತಿ. ಇದು ಸುರಿಯಾಕ ಇಟ್ಟಿದ್ದು."

"ಯಾರು ಸುರೀತಾರೆ?"

"ಟ್ಯಾಂಕರ್. ನಮ್ಮ ಓಣ್ಯಾಗ ಪ್ರತಿ ಮನಿ ಮುಂದ ಇಂಥಾದ್ದೊಂದು ಪೈಪ್ ಇತ್ತು. ಟ್ಯಾಂಕರಿನ ಬಾಯಿ ನನಗ ಗೊತ್ತಿಲ್ಲೇನು?"

ಅವನು ನಕ್ಷೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, "ಲೆಕ್ಕ ಟ್ಯಾಲಿ ಆಗಿದೆ ಅಕ್ಕಾ. ಮಳೆ ಇನ್, ಯೂಸೇಜ್ ಔಟ್. ಸೇಮ್ ಬರತ್ತೆ," ಎಂದ.

ಲೆಕ್ಕ ನಿಜಕ್ಕೂ ಹೊಂದಿತ್ತು. ಒಂದು ಮನೆಯ ಚಾವಣಿ, ಅಂಗಳದ ಮೇಲೆ ವರ್ಷಕ್ಕೆ ಸುಮಾರು ಎಂಬತ್ತು ಸಾವಿರ ಲೀಟರ್ ಸಿಗುತ್ತದೆ. ದಿನಕ್ಕೆ ನಾನೂರು ಲೀಟರಿನಂತೆ ಇನ್ನೂರು ದಿನದ ಅತಿಥಿಗಳಿಗೆ ಬೇಕಾದದ್ದೂ ಎಂಬತ್ತು ಸಾವಿರ. ಹಾಳೆಯ ಕೊನೆಗೆ ಹಸಿರು ಬಣ್ಣದಲ್ಲಿ ಸರಿ ಎಂಬ ಗುರುತು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಲೆಕ್ಕ ಅದು. ಆ ದ್ವೀಪದಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ, ಅತಿಥಿಗಳು ಬರುವುದು ಬೇಸಿಗೆಯಲ್ಲಿ, ನಡುವೆ ಇರುವುದು ಇಪ್ಪತ್ತು ಸಾವಿರ ಲೀಟರಿನ ಟ್ಯಾಂಕ್.

ನಾನು ಬೆಳೆದ ಮನೆಯಲ್ಲಿ ವರ್ಷದ ಲೆಕ್ಕ ಯಾರೂ ಮಾಡುತ್ತಿರಲಿಲ್ಲ. ನಲ್ಲಿಯಲ್ಲಿ ನೀರು ಬಂದು ಎಷ್ಟು ದಿನವಾಯಿತು, ತೊಟ್ಟಿಯಲ್ಲಿ ಉಳಿದದ್ದು ಇನ್ನೆಷ್ಟು ದಿನಕ್ಕಾದೀತು, ಅಷ್ಟೇ ಪ್ರಶ್ನೆ. ಅಮ್ಮಿ ತೊಟ್ಟಿಗೆ ಬಿದಿರಿನ ಕೋಲು ಇಳಿಸಿ, ತೇವದ ಗುರುತು ನೋಡಿ, ಗುರುವಾರದವರೆಗೆ ಬಟ್ಟೆ ಒಗೆಯಬೇಡಿ ಎಂದು ಅಪ್ಪಣೆ ಕೊಡುತ್ತಿದ್ದಳು. ನಾನು ಅದೇ ರೀತಿ ಮಾಡಿದೆ. ದ್ವೀಪದ ಹವಾಮಾನ ಕೇಂದ್ರದಿಂದ ಹಿಂದಿನ ವರ್ಷಗಳ ದಿನದಿನದ ಮಳೆ ತರಿಸಿಕೊಂಡೆ. ಇವತ್ತು ಎಷ್ಟು ಬಿತ್ತು, ಎಷ್ಟು ಖರ್ಚಾಯಿತು, ಸಂಜೆಗೆ ಟ್ಯಾಂಕಿನಲ್ಲಿ ಎಷ್ಟು ಉಳಿಯಿತು, ಮರುದಿನ ಮತ್ತೆ ಅದೇ. ಮೂರು ದಿನ ಹಿಡಿಯಿತು. ಡಿಸೆಂಬರಿಗೆ ಮೊದಲೇ ಟ್ಯಾಂಕ್ ತುಂಬಿಬಿಡುತ್ತದೆ. ಆಮೇಲೆ ಬಿದ್ದ ಮಳೆಯೆಲ್ಲ ಮಾರ್ಚಿನವರೆಗೆ ತುಂಬಿ ಹರಿದು ಸಮುದ್ರಕ್ಕೆ ಹೋಗುತ್ತದೆ. ಏಪ್ರಿಲ್ ಮಧ್ಯದಲ್ಲಿ ಅತಿಥಿಗಳು ಬಂದ ಮೇಲೆ ಇದ್ದ ನೀರು ಐವತ್ತು ದಿನ, ನಡುವೆ ನಾಲ್ಕು ಹನಿ ಬಿದ್ದರೆ ಅರವತ್ತು. ಯಾವ ವರ್ಷದ ಮಳೆ ಹಾಕಿ ನೋಡಿದರೂ ಜೂನ್ ಎರಡನೇ ವಾರದೊಳಗೆ ಟ್ಯಾಂಕ್ ಖಾಲಿ. ಸಮುದ್ರಕ್ಕೆ ಹೋದ ನೀರನ್ನೂ ಮೈಸೂರಿನವನ ಹಾಳೆ ಕೈಯಲ್ಲಿದೆ ಎಂದು ಎಣಿಸಿತ್ತು.

ಇಲ್ಲಿಂದ ಮುಂದೆ ನಾನು ಮಾಡಿದ್ದು ತಪ್ಪು, ಒಪ್ಪಿಕೊಳ್ಳುತ್ತೇನೆ. ಮರುದಿನ ಬರ್ಲಿನ್ನಿನವರ ಜೊತೆ ಸಭೆ ಇತ್ತು. ಬಾಸ್ ನೀರಿನ ಯೋಜನೆಯನ್ನು ತಾವೇ ವಿವರಿಸಿದರು. ಅರವತ್ತು ದಾಟಿದ ಮನುಷ್ಯ, ಈ ಕೆಲಸದಲ್ಲೇ ಕೂದಲು ಬೆಳ್ಳಗಾದವರು. ಹೊರಗಿನವರ ಎದುರು ಹಿರಿಯರ ಮಾತಿಗೆ ಅಡ್ಡ ಬರುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಸಭೆ ಮುಗಿದ ಮೇಲೆ, ಅವರೊಬ್ಬರೇ ಇದ್ದಾಗ, ಒಂದು ಕಪ್ ಚಹಾ ಹಿಡಿದುಕೊಂಡು ಹೋಗಿ ಮೆಲ್ಲಗೆ ಹೇಳಿದರಾಯಿತು ಎಂದು ಸುಮ್ಮನೆ ಕುಳಿತೆ. ಅವರ ಮರ್ಯಾದೆಯೂ ಉಳಿಯುತ್ತದೆ, ಕೆಲಸವೂ ಆಗುತ್ತದೆ. ಆದರೆ ಸಭೆಯಿಂದಲೇ ಅವರು ರಜೆಗೆ ಹೊರಟುಹೋದರು, ಒಂದು ವಾರ. ಇಲ್ಲಿ ರಜೆಯಲ್ಲಿರುವವರನ್ನು ಯಾರೂ ಮಾತಾಡಿಸುವುದಿಲ್ಲ.

ಅವರು ಬಂದ ದಿನ ಚಹಾ ಮಾಡಿಕೊಂಡು ಅವರ ಕೋಣೆಗೆ ಹೋದೆ. ಎಲ್ಲ ಕೇಳಿದರು. ಕೊನೆಗೆ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಸಭೆಯ ಪ್ರೊಟೊಕೋಲ್, ಅಂದರೆ ನಡಾವಳಿ. ಹಾಜರಿದ್ದವರ ಪಟ್ಟಿಯಲ್ಲಿ ನನ್ನ ಹೆಸರು. ಕೆಳಗೆ, ನೀರಿನ ಯೋಜನೆಗೆ ಎಲ್ಲರ ಒಪ್ಪಿಗೆ. ಏಳು ದಿನದೊಳಗೆ ಲಿಖಿತ ಆಕ್ಷೇಪ ಬರದಿದ್ದರೆ ಇದು ಅಂತಿಮ.

"ಇವತ್ತು ಎಂಟನೇ ದಿನ," ಎಂದರು ಬಾಸ್. "ನೀವು ಅಲ್ಲೇ ಕೂತಿದ್ರಿ. ಒಂದು ಮಾತೂ ಆಡಲಿಲ್ಲ."

ಆ ಮೇಲ್ ನನಗೂ ಬಂದಿತ್ತು. ನಡಾವಳಿ ತಾನೇ ಎಂದು ತೆರೆದೂ ನೋಡದೆ ಬದಿಗಿಟ್ಟಿದ್ದೆ. ನನ್ನ ಮೇಲೆ ನನಗೇ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮೇಜಿಗೆ ಬಂದು ಹೇಳಿದರೆ ಮೈಸೂರಿನವನು ನಕ್ಕುಬಿಟ್ಟ.

"ಮೌನಂ ಸಮ್ಮತಿ ಲಕ್ಷಣಂ ಅಂತ ನಮ್ಮೋರು ಬಾಯಲ್ಲಿ ಹೇಳ್ತಾರೆ ಅಕ್ಕಾ. ಇವ್ರು ಪ್ರೊಟೊಕೋಲಲ್ಲಿ ಹಾಕ್ಬಿಡ್ತಾರೆ. ಚಹಾ ಬೇರೆ ಮಾಡ್ಕೊಂಡು ಹೋಗಿದ್ರಾ?"

"ಏಲಕ್ಕಿ ಹಾಕಿ," ಎಂದೆ. ನನಗೂ ನಗು ಬಂತು, ಅಳುವೂ ಬಂತು.

ಬಾಸ್ ಕೆಟ್ಟವರಲ್ಲ. ಸಂಜೆ ಕರೆದು, ಟ್ಯಾಂಕ್ ಚಿಕ್ಕದಾಗಿದ್ದರೆ ದೊಡ್ಡದು ಮಾಡಿ, ಸ್ಥಳಕ್ಕೆ ಹೋಗಿ ನೋಡಿಕೊಂಡು ಬನ್ನಿ ಎಂದರು. ಘೋಷಣಾ ಪತ್ರ ಮಾತ್ರ ತಿಂಗಳ ಕೊನೆಗೆ ಸಹಿಯಾಗಿ ಹೋಗಲೇಬೇಕು. ಹೊರಡುವಾಗ ಬಾಗಿಲಲ್ಲಿ, "ನಿಮ್ಮ ಪ್ರೊಬೆಟ್ಸೈಟ್ ಮುಗಿಯೋದೂ ಹತ್ತಿರ ಬಂತಲ್ಲ," ಎಂದು ಸೇರಿಸಿದರು. ಬೆದರಿಕೆಯೋ ಕಾಳಜಿಯೋ ಅವರ ಮುಖದಿಂದ ತಿಳಿಯಲಿಲ್ಲ.

ಸೆಪ್ಟೆಂಬರ್ ಎರಡನೇ ವಾರ ದ್ವೀಪಕ್ಕೆ ಹೋದೆ. ವಿಮಾನ ನಿಲ್ದಾಣಕ್ಕೆ ಪಿಕಪ್ ತಂದಿದ್ದವರು ಅಲ್ಲಿಯ ಮೇಸ್ತ್ರಿ, ಎಪ್ಪತ್ತರ ಮುದುಕ. ಪ್ರಾಯದಲ್ಲಿ ನಮ್ಮ ಪಕ್ಕದ ಸಿಂಡೆಲ್‌ಫಿಂಗೆನ್‌ನ ಕಾರು ಕಾರ್ಖಾನೆಯಲ್ಲಿ ದುಡಿದು, ಆಮೇಲೆ ಊರಿಗೆ ಮರಳಿದವರು. ಅವರ ಜರ್ಮನ್ ನಮ್ಮ ಬೊಬ್ಲಿಂಗೆನ್‌ನ ತರಕಾರಿ ಸಂತೆಯ ಹೆಂಗಸರ ಜರ್ಮನ್. ಸಮುದ್ರದ ನಡುವಿನ ಬೋಳು ಗುಡ್ಡದ ಮೇಲೆ ಆ ಭಾಷೆ ಕೇಳಿ ನನಗೆ ಒಂಥರಾ ಧೈರ್ಯ ಬಂತು.

ಟ್ಯಾಂಕಿನ ಜಾಗದಲ್ಲಿ ಅವರು ಹಾರೆಯಿಂದ ಒಂದು ಏಟು ಹೊಡೆದರು. ಠಣ್ ಎಂದಿತು. ಒಂದು ಗೇಣು ಮಣ್ಣು, ಕೆಳಗೆಲ್ಲ ಗಟ್ಟಿ ಬಂಡೆ. ಈಗಿನ ಟ್ಯಾಂಕಿಗೆ ಗುಂಡಿ ತೆಗೆಯುವುದೇ ತಿಂಗಳ ಕೆಲಸ. ಮೂರು ಪಟ್ಟು ದೊಡ್ಡದಕ್ಕೆ ಮದ್ದಿಟ್ಟು ಸಿಡಿಸಬೇಕು. ಸಿಡಿಸಿದರೆ ಕೆಳಗಿನ ಹಳ್ಳಿಯ ಬಾವಿಯ ಸೆಲೆ ಎತ್ತ ತಿರುಗುತ್ತದೋ ಯಾರಿಗೂ ಗೊತ್ತಿಲ್ಲ. ಆದ್ದರಿಂದ ಪುರಸಭೆ ಬಿಡುವುದಿಲ್ಲ. ದೊಡ್ಡ ಟ್ಯಾಂಕಿನ ದಾರಿ ಅಲ್ಲಿಗೆ ಮುಗಿಯಿತು.

"ಬನ್ನಿ, ಆ ಬಾವಿ ತೋರಿಸ್ತೀನಿ," ಎಂದರು ಮೇಸ್ತ್ರಿ.

ಹಳ್ಳಿಯ ಬೀದಿಯಲ್ಲಿ ಮನೆಗಳ ಮುಂದೆ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳು ಸಾಲಾಗಿ ನಿಂತಿದ್ದವು. ನಲ್ಲಿಯಲ್ಲಿ ಮೂರು ದಿನಕ್ಕೊಮ್ಮೆ ನೀರು, ಮಳೆ ಬರುವವರೆಗೆ ಹೀಗೇ ಎಂದರು. ಬಾವಿಯ ಹತ್ತಿರ ಒಂದು ಟ್ಯಾಂಕರ್ ಹೋಸ್ ಇಳಿಬಿಟ್ಟು ಗಡಗಡ ಸದ್ದು ಮಾಡುತ್ತ ನೀರೆಳೆಯುತ್ತಿತ್ತು. ಅದು ಹಳ್ಳಿಗಲ್ಲ, ಕಡಲ ದಂಡೆಯ ಹೋಟೆಲಿಗೆ. ಮುದುಕಿಯೊಬ್ಬಳು ಖಾಲಿ ಡ್ರಮ್ಮಿನ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತು ಟ್ಯಾಂಕರನ್ನೇ ನೋಡುತ್ತಿದ್ದಳು.

"ಲಾರಿ ನನ್ನ ಅಳಿಯಂದು," ಎಂದರು ಮೇಸ್ತ್ರಿ. "ನಿಮ್ಮ ಹನ್ನೆರಡು ಮನೆ ಎದ್ದ ಮೇಲೆ ಇನ್ನೊಂದು ಲಾರಿ ಬೇಕಾಗತ್ತೆ ಅಂತ ನಿಮ್ಮ ಬರ್ಲಿನ್ನಿನವರು ಅವನಿಗೆ ಈಗ್ಲೇ ಹೇಳಿಟ್ಟಿದ್ದಾರೆ. ಜೂನ್‌ನಿಂದ ಅಂತೆ."

ಜೂನ್. ನಾನು ಮೂರು ದಿನ ಕುಳಿತು ಕಂಡುಹಿಡಿದದ್ದು ಅವರಿಗೆ ಮೊದಲೇ ಗೊತ್ತಿತ್ತು. ಹಸಿರು ಗುರುತಿನ ಹಾಳೆ, ಮಳೆ ಕುಡಿಯುವ ಮನೆ, ಮೌನದ ವಾರ, ಎಲ್ಲಕ್ಕೂ ಈ ಮುದುಕಿಯ ಡ್ರಮ್ಮಿನಿಂದ ನೀರು. ಅದಕ್ಕೆ ಹೊದಿಸಲು ನನ್ನ ಸಹಿ. ಮೈ ಉರಿದುಹೋಯಿತು. ಈ ಮಾತನ್ನು ಬರೆಯಲೇ ಎಂದು ಮೇಸ್ತ್ರಿಯನ್ನು ಕೇಳಿದೆ.

"ನನ್ನ ಹೆಸರು ಬೇಡಮ್ಮಾ. ಮಗಳ ಮನೆ ಆ ಲಾರಿ ಮೇಲೆ ನಡೀತಿದೆ."

ಸರಿ ಎಂದೆ. ಅವರ ಮಾತಿಲ್ಲದೆಯೇ ನಿಲ್ಲುವಂಥ ಕಾಗದ ಮಾಡಬೇಕಿತ್ತು.

ಜರ್ಮನಿಯ ಕಟ್ಟಡದ ಕೆಲಸದಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಯೋಜನೆಯಲ್ಲಿ ದೋಷ ಕಂಡವರು ಬೆಡೆಂಕೆನ್, ಅಂದರೆ ತಮ್ಮ ಆಕ್ಷೇಪವನ್ನು, ನಡಾವಳಿ ಅಂತಿಮವಾದ ಮೇಲೂ ಬರವಣಿಗೆಯಲ್ಲಿ ಸಲ್ಲಿಸಬಹುದು. ಒಮ್ಮೆ ಸಲ್ಲಿಸಿದರೆ ಅದು ಕಡತ ಬಿಟ್ಟು ಹೋಗುವುದಿಲ್ಲ. ಮುಂದೆ ಯಾರೇ ಬಂದರೂ ಅದಕ್ಕೆ ಉತ್ತರ ಕೊಟ್ಟೇ ಮುಂದೆ ಹೋಗಬೇಕು. ಸಾಮಾನ್ಯವಾಗಿ ಗುತ್ತಿಗೆದಾರರು ಬರೆಯುತ್ತಾರೆ. ತನ್ನದೇ ಕಚೇರಿಯ ಯೋಜನೆಯ ವಿರುದ್ಧ, ಅದೂ ಪರೀಕ್ಷಾ ಅವಧಿಯಲ್ಲಿ, ಯಾರೂ ಬರೆಯುವುದಿಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ಬಾಯಿ ತೆರೆಯಬೇಕಾದಾಗ ಮುಚ್ಚಿಕೊಂಡಿದ್ದೆ, ಈಗ ಬರೆಯುತ್ತೇನೆ ಎಂದು ಕುಳಿತೆ.

ಎರಡು ಪುಟ. ಮೊದಲನೆಯದರಲ್ಲಿ ದಿನದಿನದ ಲೆಕ್ಕ, ಟ್ಯಾಂಕ್ ಬತ್ತುವ ವಾರ. ಎರಡನೆಯದರಲ್ಲಿ ಆ ಪೈಪಿನ ನಕ್ಷೆ, ಅದು ನೀರು ತುಂಬಿಸಲು ಎಂಬುದಕ್ಕೆ ಕಾರಣ. ಕೊನೆಗೆ ಪರಿಹಾರವನ್ನೂ ಬರೆದೆ. ಹನ್ನೆರಡರ ಬದಲು ಏಳು ಮನೆ, ಉಳಿದ ಐದರ ಜಾಗದಲ್ಲಿ ನೆಲದ ಮೇಲೆಯೇ ಕಲ್ಲಿನ ದೊಡ್ಡ ತೊಟ್ಟಿ, ಈಜುಕೊಳ ಇಲ್ಲ, ಜುಲೈ ಆಗಸ್ಟ್ ಬಾಗಿಲು ಮುಚ್ಚಿ. ಹಾಸಿಗೆ ಇದ್ದಷ್ಟು ಕಾಲು ಚಾಚುವ ಲೆಕ್ಕ. ಅಷ್ಟಾದರೆ ಘೋಷಣಾ ಪತ್ರಕ್ಕೆ ಕಣ್ಣುಮುಚ್ಚಿ ಸಹಿ ಹಾಕುತ್ತೇನೆ ಎಂದೂ ಬರೆದೆ.

ಕಳಿಸುವ ಮೊದಲು ಮೈಸೂರಿನವನಿಗೆ ಓದಲು ಕೊಟ್ಟೆ. ಅವನ ಹಾಳೆ ತಪ್ಪು ಎಂದು ಅದರಲ್ಲಿತ್ತು, ಬೆನ್ನ ಹಿಂದೆ ಕಳಿಸುವುದು ಸರಿಯಲ್ಲ. ಓದುತ್ತ ಓದುತ್ತ ಅವನ ಕಿವಿ ಕೆಂಪಾಯಿತು.

"ಅಕ್ಕಾ, ಕೆಲಸ ಹೋಗತ್ತೆ. ವೀಸಾ ಆಫೀಸ್‌ಗೆ ಏನ್ ಹೇಳ್ತೀರಾ? ಇನ್ನೊಂದೆರಡು ತಿಂಗಳು ತಡ್ಕೊಳ್ಳಿ, ಪರ್ಮನೆಂಟ್ ಆದ್ಮೇಲೆ ಬರೀರಿ."

"ಪತ್ರ ಈ ತಿಂಗಳ ಕೊನಿಗೇ ಹೋಗ್ತೈತಿ. ಪರ್ಮನೆಂಟ್ ಆದಮ್ಯಾಲ ನಾ ಏನ್ ಬರೀಲಿ, ಕ್ಷಮಾಪಣೆ ಪತ್ರನಾ?"

"ನನ್ ಹೆಸ್ರು ಬೇರೆ ಹಾಕಿದ್ದೀರ."

"ಹಾಳಿ ಮ್ಯಾಲ ಐತಲ್ಲಪಾ ನಿನ್ನ ಹೆಸರು. ನಾ ಏನ್ ಮಾಡ್ಲಿ?"

ಅವನು ಕಾಗದ ನನ್ನ ಮುಂದಿಟ್ಟು ತನ್ನ ಮೇಜಿಗೆ ಹೋದ. ನಾನು ಬಾಸ್‌ಗೂ ಬರ್ಲಿನ್ನಿಗೂ ಒಟ್ಟಿಗೇ ಕಳಿಸಿದೆ. ಒಬ್ಬರಿಗೆ ಮೊದಲು ಹೇಳಿ ಇನ್ನೊಬ್ಬರಿಗೆ ಆಮೇಲೆ ಹೇಳುವ ಬುದ್ಧಿವಂತಿಕೆಯನ್ನು ಒಮ್ಮೆ ಮಾಡಿ ಸಾಕಾಗಿತ್ತು.

ನಾಲ್ಕನೇ ದಿನಕ್ಕೆ ಬರ್ಲಿನ್ನಿನಿಂದ ಯೋಜನಾ ಮುಖ್ಯಸ್ಥೆ ತಾನೇ ಬಂದಳು. ನನ್ನ ಕಾಗದ ಅವಳ ಮುಂದೆ ಮಡಚಿ ಬಿದ್ದಿತ್ತು. ಪರಿಹಾರದ ಭಾಗವನ್ನು ಅವಳು ಓದಲೂ ಇಲ್ಲ ಅನಿಸುತ್ತದೆ. ಆಗಸ್ಟಿನಲ್ಲಿ ಬಾಗಿಲು ಮುಚ್ಚುವ ವೆಲ್‌ನೆಸ್ ಮನೆ ಎಲ್ಲಿದೆ ಎಂದು ನಕ್ಕಳು. ಆಮೇಲೆ ಒಂದು ರಾಜಿ ಮುಂದಿಟ್ಟಳು. ಘೋಷಣೆಯಲ್ಲಿ "ವರ್ಷವಿಡೀ" ತೆಗೆದು "ಮುಖ್ಯವಾಗಿ" ಎಂದು ಹಾಕೋಣ. ಮುಖ್ಯವಾಗಿ ಮಳೆ ನೀರು. ಯಾರಿಗೂ ತೊಂದರೆಯಿಲ್ಲ.

ಬಾಸ್ ನನ್ನ ಕಡೆ ತಿರುಗಿದರು. "ಇದಕ್ಕೆ ಸಹಿ ಹಾಕಬಹುದಲ್ಲ?"

ಹಾಕಿದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಕೆಲಸ ಉಳಿಯುತ್ತಿತ್ತು, ಬಾಸ್ ಮುಖ ಅರಳುತ್ತಿತ್ತು. ನಾನು ನಕ್ಷೆ ಬಿಡಿಸಿ ಪೈಪಿನ ಮೇಲೆ ಬೆರಳಿಟ್ಟೆ.

"ಇದನ್ನ ನಕ್ಷೆಯಿಂದ ತೆಗೆಯಿರಿ. ಈಗಲೇ, ಇಲ್ಲೇ, ಹಳೆಯ ಪತ್ರಕ್ಕೇ ಸಹಿ ಹಾಕ್ತೀನಿ," ಎಂದೆ.

"ಅದು ತುರ್ತು ಪರಿಸ್ಥಿತಿಗೆ," ಎಂದಳು ಅವಳು.

"ಹಾಗಾದರೆ ತುರ್ತು ಯಾವಾಗ ಬರತ್ತೆ ಅಂತ ಪತ್ರದಲ್ಲಿ ಬರೆಯಿರಿ. ಪ್ರತಿ ವರ್ಷ ಜೂನ್‌ನಿಂದ ಅಕ್ಟೋಬರ್. ನೀರು ಯಾರ ಬಾವಿಯಿಂದ ಅಂತಾನೂ ಬರೆಯಿರಿ. ಅದಕ್ಕೂ ಸಹಿ ಹಾಕ್ತೀನಿ."

ಅವಳು ಬಾಸ್ ಕಡೆ ನೋಡಿ, ನಿಮ್ಮಲ್ಲಿ ಹೊಸಬರೇ ಎಲ್ಲ ತೀರ್ಮಾನ ಮಾಡುತ್ತಾರಾ, ಹಳೆಯ ಲೆಕ್ಕ ಮಾಡಿದವರು ಯಾರು ಎಂದು ಕೇಳಿದಳು. ಮೂಲೆಯಲ್ಲಿದ್ದ ಮೈಸೂರಿನವನು ಕೈಯೆತ್ತಿದ. ಈಗ ಬಿತ್ತು ನನ್ನ ತಲೆಯ ಮೇಲೆ ಅಂದುಕೊಂಡೆ.

"ಆ ಹಾಳೆ ನಾನು ತುಂಬಿದ್ದು," ಎಂದ ಅವನು, ಜರ್ಮನ್‌ನಲ್ಲಿ, ಒಂದೊಂದೇ ಪದ ಬಿಡಿಸಿ. "ತಪ್ಪು. ನಿನ್ನೆ ಅವರ ಲೆಕ್ಕವನ್ನ ನಾನು ಮತ್ತೆ ಮಾಡಿ ನೋಡಿದೆ. ಜೂನ್ ಒಂಬತ್ತಕ್ಕೇ ಖಾಲಿ."

ನನ್ನದಕ್ಕಿಂತ ಅವನದು ಇನ್ನೂ ಎರಡು ದಿನ ಮುಂಚೆ. ಆ ಹೊತ್ತಿನಲ್ಲೂ ಅದನ್ನು ಸರಿಯಾಗಿ ನೋಡಬೇಕು ಎಂದು ನನ್ನ ತಲೆಗೆ ಬಂತು.

ಮುಖ್ಯಸ್ಥೆ ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. ಎರಡು ವಾರದಲ್ಲಿ ಯೋಜನೆ ನಮ್ಮ ಕೈಬಿಟ್ಟು ಇನ್ನೊಂದು ಕಚೇರಿಗೆ ಹೋಯಿತು. ಆದರೆ ಕಡತದ ಜೊತೆ ನನ್ನ ಎರಡು ಪುಟವೂ ಹೋಗಲೇಬೇಕಾಯಿತು. ಅಲ್ಲಿ ಪತ್ರಕ್ಕೆ ಯಾರು ಸಹಿ ಹಾಕಿದರೋ ನನಗೆ ಗೊತ್ತಿಲ್ಲ. ನಾಲ್ಕು ಮನೆಗಳ ಗೋಡೆಗಳು ಎದ್ದಿವೆ, ಉಳಿದವಕ್ಕೆ ಬೇಸಿಗೆಯ ನೀರು ಎಲ್ಲಿಂದ ಎಂದು ಪುರಸಭೆ ಕೇಳುತ್ತಿದೆ ಎಂದು ಮೇಸ್ತ್ರಿ ಮೊನ್ನೆ ಫೋನಿನಲ್ಲಿ ಹೇಳಿದರು. ಅವರ ಅಳಿಯ ಎರಡನೇ ಲಾರಿ ಇನ್ನೂ ಕೊಂಡಿಲ್ಲವಂತೆ.

ಯೋಜನೆ ಕೈತಪ್ಪಿದ ಆ ದಿನಗಳಲ್ಲಿ ಕಚೇರಿಯಲ್ಲಿ ನನ್ನೊಡನೆ ಮಾತು ಕಡಿಮೆಯಾಯಿತು. ನಾನು ವಿಜಯಪುರಕ್ಕೆ ಹೋಗಲು ಮನಸ್ಸನ್ನು ಸಿದ್ಧಮಾಡಿಕೊಂಡೆ. ಯಾರಲ್ಲೂ ಕ್ಷಮೆ ಕೇಳಲಿಲ್ಲ.

ಪರೀಕ್ಷಾ ಅವಧಿ ಮುಗಿಯುವ ವಾರ ಬಾಸ್ ಕೋಣೆಗೆ ಕರೆದರು. ಈ ಸಲ ಚಹಾ ಒಯ್ಯಲಿಲ್ಲ.

"ಒಂದು ಪ್ರಶ್ನೆ," ಎಂದರು. "ಅವತ್ತು ಅವಳೆದುರು ನಾನು ಸಹಿ ಹಾಕಿ ಅಂತ ಆಜ್ಞೆ ಮಾಡಿದ್ದರೆ ಏನು ಮಾಡ್ತಿದ್ರಿ?"

"ಹಾಕ್ತಿರಲಿಲ್ಲ."

"ಕೆಲಸ ಹೋಗ್ತಿತ್ತು."

"ಹೋಗಲಿ. ಕೆಲಸ ನಿಮ್ಮದು, ಸಹಿ ನನ್ನದು."

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನೀರಿಗೆ ಇನ್ನೊಬ್ಬರನ್ನ ಹುಡುಕೋದು ಬಹಳ ಕಷ್ಟ," ಎಂದರು, ಅದೊಂದೇ ಕಾರಣ ಎನ್ನುವ ಹಾಗೆ. ಆಮೇಲೆ ಡ್ರಾಯರಿನಿಂದ ಒಂದು ಕಾಗದ ತೆಗೆದು ನನ್ನ ಮುಂದೆ ಸರಿಸಿದರು. ಕೆಲಸ ಕಾಯಂ ಮಾಡುವ ಪತ್ರ. ಮೇಲೆ ತಮ್ಮ ಪೆನ್ನನ್ನೂ ಇಟ್ಟರು.

"ಇದಕ್ಕಾದರೂ ಹಾಕ್ತೀರಾ?"

ನಾಲ್ಕು ಪುಟವಿತ್ತು. ಕುರ್ಚಿ ಹತ್ತಿರ ಎಳೆದುಕೊಂಡು ಮೊದಲ ಸಾಲಿನಿಂದ ಓದಲು ಶುರುಮಾಡಿದೆ. ಅವರು ಕಾದರು.